ಚಾಲೂ ಆಗುವ ಮೊದಲಿನ ಎರಡು ಸೆಕೆಂಡು

ಬುದ್ರುಕ ಎಂದರೆ ದೊಡ್ಡದು, ಖುರ್ದ ಎಂದರೆ ಚಿಕ್ಕದು. ಎರಡೂ ಫಾರಸಿಯಿಂದ ಬಂದು ಕಂದಾಯದ ಕಾಗದಗಳಲ್ಲಿ ನೆಲೆಯೂರಿದ ಮಾತುಗಳು. ಬೆಳಗಾವಿ ಜಿಲ್ಲೆಯಲ್ಲಿ ಕೃಷ್ಣೆಯ ದಂಡೆಯ ಎರಡು ಊರುಗಳಾದ ಉಗಾರ ಬುದ್ರುಕ, ಉಗಾರ ಖುರ್ದಗಳಲ್ಲಿ ರೈಲು ನಿಲ್ದಾಣ ಸಿಕ್ಕಿದ್ದು ಚಿಕ್ಕದಕ್ಕೆ; 1939ರಲ್ಲಿ ಶಿರಗಾಂವಕರ ಮನೆತನದವರು ಕಟ್ಟಿದ ಸಕ್ಕರೆ ಕಾರ್ಖಾನೆ ಸಿಕ್ಕಿದ್ದೂ ಚಿಕ್ಕದಕ್ಕೇ. ಉಗಾರ ಬುದ್ರುಕಕ್ಕೆ ಉಳಿದದ್ದು ಹೊಲ, ಹೊಳೆ, ಹೊಲದ ಮಾಲನ್ನು ಕಾರ್ಖಾನೆಗೋ ಕುಡಚಿಗೋ ಮಿರಜಿನ ಪೇಟೆಗೋ ಮುಟ್ಟಿಸುವ ದಾರಿ. ಈ ಭಾಗದ ಯಂತ್ರಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಕಾರ್ಖಾನೆಯಿಂದ ಶುರು ಮಾಡುತ್ತಾರೆ, ಇಲ್ಲವೇ ಕಿರ್ಲೋಸ್ಕರರ ಎಂಜಿನ್ನಿನಿಂದ. ಎಂಜಿನ್ ಬಂತು, ನೀರು ಎತ್ತಿತು, ಕಬ್ಬು ಬೆಳೆಯಿತು, ಗಾಡಿ ಓಡಿತು ಎಂದು ಕತೆ ಸಲೀಸಾಗಿ ಸಾಗುತ್ತದೆ. ಆದರೆ ಎಂಜಿನ್ ತಾನಾಗಿ ಏಳುವ ಪ್ರಾಣಿಯಲ್ಲ. ಅದನ್ನು ಯಾರಾದರೂ ಎಬ್ಬಿಸಬೇಕು. ಎಬ್ಬಿಸುವ ಆ ಎರಡು ಸೆಕೆಂಡು ಯಾರ ಕೈಯಲ್ಲಿತ್ತು ಎಂಬುದೇ ಇಲ್ಲಿ ಯಂತ್ರವನ್ನು ಯಾರು ಸಾಕಬಲ್ಲರು ಎಂಬುದನ್ನು ನಿರ್ಧರಿಸಿತು ಎಂಬುದು ನನ್ನ ವಾದ. ಹಳೆಯ ಪೆಟ್ರೋಲ್ ಗಾಡಿಗೆ ಡೀಸೆಲ್ ಎಂಜಿನ್ ಕೂರಿಸಿ, ಅದಕ್ಕೆ ತಕ್ಕ ಸೆಲ್ಫನ್ನು, ಎಂದರೆ ಎಂಜಿನ್ ಎಬ್ಬಿಸುವ ಸ್ಟಾರ್ಟರ್ ಮೋಟಾರನ್ನು, ಹುಡುಕಿ ಹೊಂದಿಸಿದ ಮಿಸ್ತ್ರಿಗಳ ಕೆಲಸವನ್ನು ಜುಗಾಡ ಎಂದು ನಕ್ಕು ಬಿಡುವುದು ಈ ಕಾರಣಕ್ಕೇ ತಪ್ಪು.

ಎಂಜಿನ್ನು ಈ ನೆಲಕ್ಕೆ ದೂರದ ಬಂಧುವೇನಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದು 1869ರಲ್ಲಿ, ಇದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಮೇವು ಕತ್ತರಿಸುವ ಯಂತ್ರ ಮಾಡಿ, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವೇರುತ್ತದೆ ಎಂದು ರೈತರು ಆ ನೇಗಿಲನ್ನು ಮುಟ್ಟಲು ಹಿಂಜರಿದರು. ಬೆಳಗಾವಿಯ ನಗರಸಭೆ ಊರು ಬೆಳೆಸುವ ಸಲುವಾಗಿ ಅವರ ಕಾರ್ಯಾಗಾರದ ಜಾಗ ತೆರವು ಮಾಡಿಸಿತು. ಔಂಧ ಸಂಸ್ಥಾನದ ರಾಜರು ಕುಂಡಲ ರೋಡ್ ನಿಲ್ದಾಣದ ಬಳಿ ಬರಡು ನೆಲ ಕೊಟ್ಟರು, ಸಾಲವನ್ನೂ ಕೊಟ್ಟರು. 1910ರಲ್ಲಿ ಅಲ್ಲಿ ಎದ್ದದ್ದೇ ಕಿರ್ಲೋಸ್ಕರವಾಡಿ. ಉಗಾರದಿಂದ ಮಿರಜಿಗೆ ಹೋಗುವ ರೈಲುದಾರಿ ಮುಂದೆ ಪುಣೆಯ ಕಡೆ ಹೊರಳಿದಾಗ ಅದೇ ಹಳಿಯ ಮೇಲೆ ಸಿಗುವ ಊರು ಅದು. ಸಾತಾರಾ ರೋಡಿನಲ್ಲಿ ಧನಜಿಶಾ ಕೂಪರರ ಕಾರ್ಖಾನೆ ನೇಗಿಲಿನಿಂದ ಶುರುವಾಗಿ 1930ರ ದಶಕದಲ್ಲಿ ಡೀಸೆಲ್ ಎಂಜಿನ್ನಿಗೆ ಬಂತು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳಿಗಾಗಿ ನಿಂತಿತು. 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಹುಟ್ಟಿತು. ಈ ಪಟ್ಟಿಯಲ್ಲಿ ಎಲ್ಲರೂ ಎಂಜಿನ್ನನ್ನೇ ನೋಡುತ್ತಾರೆ. ಮುಂದಿನ ಕತೆಗೆ ಹೆಚ್ಚು ಬೇಕಾಗಿರುವುದು ಹರಿಹರದ ಲೇತು ಎಂಬುದನ್ನು ಇಲ್ಲೇ ಹೇಳಿಡುತ್ತೇನೆ.

ಹೊಳೆಯ ದಂಡೆಯ ಪಂಪಿಗೆ ಕೂಡಿಸಿದ ಐದು ಅಶ್ವಶಕ್ತಿಯ ಒಂಟಿ ಸಿಲಿಂಡರ್ ಎಂಜಿನ್ನನ್ನು ಎಬ್ಬಿಸಲು ಕರೆಂಟು ಬೇಕಿರಲಿಲ್ಲ. ಹ್ಯಾಂಡಲ್ ಸಿಕ್ಕಿಸಿ, ಡಿಕಂಪ್ರೆಷನ್ ಲಿವರ್ ಎತ್ತಿ ಹಿಡಿದು, ಭಾರದ ಗಾಲಿಯನ್ನು ತಿರುಗಿಸುತ್ತ ವೇಗ ತಂದು, ಸರಿಯಾದ ಹೊತ್ತಿಗೆ ಲಿವರ್ ಬಿಡಬೇಕು. ಲಿವರ್ ಎತ್ತಿದಾಗ ಕವಾಟ ತೆರೆದಿರುವುದರಿಂದ ಗಾಳಿ ಒತ್ತಡಕ್ಕೆ ಸಿಗುವುದಿಲ್ಲ, ತೋಳಿಗೆ ಭಾರ ಬೀಳುವುದಿಲ್ಲ. ಬಿಟ್ಟಾಕ್ಷಣ ಗಾಲಿಯಲ್ಲಿ ಕೂಡಿಟ್ಟ ಶಕ್ತಿ ಮೊದಲ ಒತ್ತಡವನ್ನು ದಾಟಿಸುತ್ತದೆ, ಎಣ್ಣೆ ಹೊತ್ತಿಕೊಳ್ಳುತ್ತದೆ. ಒಂದಷ್ಟು ಹೊತ್ತು ಸಂಪಾದಿಸಿ ಒಂದು ಕ್ಷಣದಲ್ಲಿ ಖರ್ಚು ಮಾಡುವ ಲೆಕ್ಕ ಇದು. ತೋಳಿನ ಬಲಕ್ಕಿಂತ ಹದ ಮುಖ್ಯ. ಆದರೂ ಬಲ ಬೇಡವೇ ಬೇಡ ಎನ್ನುವಂತಿರಲಿಲ್ಲ. ಹ್ಯಾಂಡಲ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುವ ಅಪಾಯ ಇದ್ದೇ ಇತ್ತು. ಹೀಗಾಗಿ ಎಂಜಿನ್ ಯಾರದೇ ಆಗಿರಲಿ, ಅದರ ಬೆಳಗು ಹ್ಯಾಂಡಲ್ ಹೊಡೆಯಬಲ್ಲ ಗಟ್ಟಿ ಆಳಿನ ಕೈಯಲ್ಲಿತ್ತು. ಮುದುಕರು, ಎಳೆಯರು, ಒಂಟಿ ಹೆಂಗಸು ಯಂತ್ರದ ಒಡೆಯರಾಗಬಹುದಿತ್ತು. ಅದನ್ನು ಏಳಿಸುವವರಾಗುವುದು ಕಷ್ಟವಿತ್ತು.

ಗಾಡಿಯ ವಿಷಯ ಬೇರೆ. ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ನನ್ನು ತೋಳಿನಿಂದ ತಿರುಗಿಸಿ ಎಬ್ಬಿಸುವ ಮಾತು ದೂರ; ವ್ಯಾನಿನಂಥ ಗಾಡಿಯಲ್ಲಿ ಹ್ಯಾಂಡಲ್ ತೂರಿಸಲು ದಾರಿಯೇ ಇರದು. ಅಲ್ಲಿ ಸೆಲ್ಫೇ ಗತಿ. ಸೆಲ್ಫ್ ಎಂಬ ಚಿಕ್ಕ ಮೋಟಾರು ಇಷ್ಟು ದೊಡ್ಡ ಎಂಜಿನ್ನನ್ನು ಹೇಗೆ ತಿರುಗಿಸುತ್ತದೆ ಎಂಬುದರ ಹಿಂದೆ ಅಮೆರಿಕದ ಚಾರ್ಲ್ಸ್ ಕೆಟರಿಂಗನ ಒಂದು ಸರಳ ಹೊಳಹು ಇದೆ. ಆತ ಮೊದಲು ಅಂಗಡಿಯ ಹಣದ ಪೆಟ್ಟಿಗೆಗೆ, ಎಂದರೆ ಕ್ಯಾಷ್ ರಿಜಿಸ್ಟರಿಗೆ, ವಿದ್ಯುತ್ ಮೋಟಾರು ಜೋಡಿಸಿದವನು. ಪೆಟ್ಟಿಗೆ ತೆರೆಯುವುದು ಕ್ಷಣದ ಕೆಲಸ. ಕ್ಷಣದ ಕೆಲಸಕ್ಕೆ ಚಿಕ್ಕ ಮೋಟಾರನ್ನು ಅದರ ತಾಕತ್ತಿಗೆ ಮೀರಿ ದುಡಿಸಬಹುದು, ಕಾಯುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. 1912ರ ಕ್ಯಾಡಿಲಾಕ್ ಕಾರಿಗೆ ಅವನು ಕೊಟ್ಟ ಸ್ಟಾರ್ಟರ್ ಇದೇ ನ್ಯಾಯದ ಮೇಲೆ ನಿಂತಿತ್ತು. ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಸೆಲ್ಫ್ ಹೊಡೆಯಬೇಡ ಎಂದು ಇಂದಿಗೂ ಡ್ರೈವರುಗಳಿಗೆ ಹೇಳುವ ಬುದ್ಧಿಮಾತಿನ ಮೂಲ ಅಲ್ಲಿದೆ. ಸ್ಟಾರ್ಟರ್ ಎಂಬುದು ಸೆಕೆಂಡುಗಳ ಯಂತ್ರ. ಸೆಕೆಂಡು ನಿಮಿಷವಾದರೆ ಅದು ಸುಡುತ್ತದೆ.

ಈ ಕಡೆಯ ಗಾಡಿಗಳಲ್ಲಿ ಸೆಕೆಂಡು ನಿಮಿಷವಾಗಲು ಕಾರಣವಾದದ್ದು ಎಣ್ಣೆಯ ದರ. ದೇಶದಲ್ಲಿ ಪೆಟ್ರೋಲು ಸಿರಿವಂತರ ಇಂಧನವೆಂದು ತೆರಿಗೆ ಹೊತ್ತಿತು, ಡೀಸೆಲು ರೈತರ, ಲಾರಿಗಳ ಇಂಧನವೆಂದು ರಿಯಾಯಿತಿ ಪಡೆಯಿತು. 1973ರ ತೈಲ ಬಿಕ್ಕಟ್ಟಿನ ನಂತರ ಈ ಅಂತರ ಮನೆಮಾತಾಯಿತು. ಪೆಟ್ರೋಲ್ ಜೀಪು, ಅಂಬಾಸಡರ್, ವ್ಯಾನು ಇಟ್ಟುಕೊಂಡು ಬಾಡಿಗೆ ಓಡಿಸುವವರಿಗೆ ಎರಡೇ ದಾರಿ: ಗಾಡಿ ಮಾರುವುದು, ಇಲ್ಲವೇ ಅದರ ಹೊಟ್ಟೆ ಬದಲಿಸುವುದು. ಹಿಂದೂಸ್ತಾನ್ ಮೋಟರ್ಸ್ ಸ್ವತಃ 1489 ಸಿಸಿ ಡೀಸೆಲ್ ಅಂಬಾಸಡರ್ ತಂದದ್ದು, ಮಹೀಂದ್ರ ತನ್ನ ಜೀಪಿಗೆ ಪ್ಯೂಜೊ ಕಂಪನಿಯ ಎಕ್ಸ್‌ಡಿಪಿ 4.90 ಎಂಜಿನ್ ಕೂರಿಸಿದ್ದು ಇದೇ ಹಸಿವಿಗೆ. ಆ ಹೆಸರಿನಲ್ಲೇ ಅಳತೆ ಇದೆ: ನಾಲ್ಕು ಸಿಲಿಂಡರು, 90 ಮಿಲಿಮೀಟರ್ ಬೋರು, ಒಟ್ಟು 2112 ಸಿಸಿ. ಬಜಾಜ್ ಟೆಂಪೊದ ಮ್ಯಾಟಡಾರ್ ಎಷ್ಟು ಹಬ್ಬಿತೆಂದರೆ ಹಲವು ಊರುಗಳಲ್ಲಿ ಯಾವ ವ್ಯಾನಿಗಾದರೂ ಮ್ಯಾಟಡಾರ್ ಎಂದೇ ಹೆಸರಾಯಿತು. ಕಂಪನಿಗಳು ಮಾಡಿದ್ದನ್ನು ಸಾಲ ಮಾಡಿ ಕೊಳ್ಳಲಾಗದವರು ಹಳೆಯ ಗಾಡಿಗೆ ಹಳೆಯ ಡೀಸೆಲ್ ಎಂಜಿನ್ ಹುಡುಕಿಸಿದರು. ಅಲ್ಲಿಂದ ಮಿಸ್ತ್ರಿಯ ಪರೀಕ್ಷೆ ಶುರು.

ಎಂಜಿನ್ ಕೂರಿಸುವುದು ಕಷ್ಟ ಎಂದು ನೋಡುವವರು ಭಾವಿಸುತ್ತಾರೆ. ಅದು ಬೆವರಿನ ಕೆಲಸ, ನಿಜ. ಆದರೆ ಮೌಂಟಿಂಗ್ ಕೊರೆದು ಬೆಸುಗೆ ಹಾಕಿದರೆ ಕೂರುತ್ತದೆ. ಕಷ್ಟ ಬರುವುದು ಎಂಜಿನ್ನು ಮತ್ತು ಗೇರ್‌ಬಾಕ್ಸ್ ಕೂಡುವ ಸಂದಿನಲ್ಲಿ. ಫ್ಲೈವೀಲ್, ಅದರ ಸುತ್ತ ಹಲ್ಲಿನ ರಿಂಗು, ಅದನ್ನು ಮುಚ್ಚುವ ಬೆಲ್ ಹೌಸಿಂಗ್, ಆ ಹೌಸಿಂಗಿನ ಪಕ್ಕದ ತೂತಿನಲ್ಲಿ ಸೆಲ್ಫ್. ಹಳೆಯ ಪೆಟ್ರೋಲ್ ಎಂಜಿನ್ನಿನ ಒತ್ತಡದ ಪ್ರಮಾಣ 7ರ ಆಸುಪಾಸು, ಡೀಸೆಲಿನದು 18ರಿಂದ 22. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಇದೆ, ನಿಧಾನವಾಗಿ ತಿರುಗಿದರೂ ಹೊತ್ತಿಕೊಳ್ಳುತ್ತದೆ. ಡೀಸೆಲಿಗೆ ಒತ್ತಿದ ಗಾಳಿಯ ಬಿಸಿಯೇ ಕಿಡಿ. ನಿಧಾನವಾಗಿ ಒತ್ತಿದರೆ ಬಿಸಿ ಗೋಡೆಗೆ ಸೋರಿ ಹೋಗುತ್ತದೆ, ಗಾಳಿ ಪಿಸ್ಟನ್ ರಿಂಗುಗಳ ಸಂದಿಯಿಂದ ಜಾರುತ್ತದೆ. ಆದ್ದರಿಂದ ಪೆಟ್ರೋಲ್ ಗಾಡಿಯ ಸೆಲ್ಫನ್ನೇ ಉಳಿಸಿಕೊಂಡರೆ ಎಂಜಿನ್ನು ತಿರುಗುತ್ತದೆ, ಏಳುವುದಿಲ್ಲ. ಇದರಲ್ಲೊಂದು ಕುಹಕವೂ ಇದೆ. ಮಧ್ಯಾಹ್ನ ಮಿಸ್ತ್ರಿಯ ಅಂಗಳದಲ್ಲಿ ಬಿಸಿ ಎಂಜಿನ್ನು ಥಟ್ಟನೆ ಚಾಲೂ ಆಗುತ್ತದೆ, ಮಾಲೀಕ ಹಣ ಕೊಟ್ಟು ಒಯ್ಯುತ್ತಾನೆ. ಮರುದಿನ ನಸುಕಿನಲ್ಲಿ ಅದೇ ಗಾಡಿ ಗೊರಗೊರ ಎಂದು ಸುಮ್ಮನಾಗುತ್ತದೆ. ಕಬ್ಬು ನುರಿಸುವ ಹಂಗಾಮು ಬೀಳುವುದು ಚಳಿಗಾಲದಲ್ಲೇ. ಗಾಡಿ ಬೇಕೇ ಬೇಕಾದ ತಿಂಗಳುಗಳೇ ಅದು ಏಳಲು ಒಲ್ಲೆನ್ನುವ ತಿಂಗಳುಗಳು. ಬೆಳಗಾವಿಯ ಕಡೆಯ ಏರಿಳಿತದ ನೆಲದಲ್ಲಿ ರಾತ್ರಿ ಗಾಡಿಯನ್ನು ಇಳಿಜಾರಿಗೆ ನಿಲ್ಲಿಸಿ ಬೆಳಿಗ್ಗೆ ಉರುಳಿಸಿಕೊಳ್ಳಬಹುದು. ಕೃಷ್ಣೆಯ ದಂಡೆಯ ಎರೆ ಭೂಮಿ ಸಪಾಟು. ಇಲ್ಲಿ ಇಳಿಜಾರಿಲ್ಲ, ದಬ್ಬಲು ನಾಲ್ಕು ಮಂದಿ ಬೇಕು, ಮಳೆಗಾಲದಲ್ಲಿ ಆ ನಾಲ್ವರ ಕಾಲೂ ಕೆಸರಿನಲ್ಲಿ ನಿಲ್ಲಬೇಕು. ಹ್ಯಾಂಡಲಿನ ಕಾಲದಲ್ಲಿ ಒಬ್ಬ ಆಳಿಗೆ ಒತ್ತೆಯಾಗಿದ್ದ ಯಂತ್ರ ಈಗ ನಾಲ್ವರಿಗೆ ಒತ್ತೆಯಾಯಿತು.

ಇಲ್ಲಿ ಒಳ್ಳೆಯ ಸೆಲ್ಫ್ ಎಂದರೆ ಯಾವುದು? ದೊಡ್ಡದು ಎಂಬುದು ಮೊದಲ ಉತ್ತರವಾಗಿತ್ತು. ಲಾರಿಯದೋ ಟ್ರ್ಯಾಕ್ಟರಿನದೋ ದಪ್ಪ ಸೆಲ್ಫ್ ತಂದು ಹಾಕಿದರೆ ಅದು ಚಾಸಿಗೋ ಸೈಲೆನ್ಸರ್ ಕೊಳವೆಗೋ ತಾಗುತ್ತದೆ, ಬ್ಯಾಟರಿಯನ್ನು ಹೀರಿ ಹಾಕುತ್ತದೆ. ಬ್ಯಾಟರಿ ಕುಸಿದರೆ ಚಳಿಯಲ್ಲಿ ಸಿಲಿಂಡರ್ ಕಾಯಿಸುವ ಹೀಟರ್ ಪ್ಲಗ್ಗಿಗೂ ಕರೆಂಟು ಸಾಲದು; ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಕಿತ್ತುಕೊಂಡಂತೆ. ಎರಡನೆಯ ಉತ್ತರ ರಿಡಕ್ಷನ್ ಗೇರಿನ ಸೆಲ್ಫ್. ಸೆಲ್ಫಿನ ತುದಿಯ ಪುಟ್ಟ ಗೇರಾದ ಪಿನಿಯನ್ನಿಗೆ 10 ಹಲ್ಲು, ಫ್ಲೈವೀಲಿನ ರಿಂಗಿಗೆ 130 ಹಲ್ಲು ಇವೆ ಎಂದುಕೊಳ್ಳಿ. ಎಂಜಿನ್ನು ನಿಮಿಷಕ್ಕೆ 200 ಸುತ್ತು ತಿರುಗಬೇಕಾದರೆ ಪಿನಿಯನ್ 2600 ಸುತ್ತು ತಿರುಗಬೇಕು. ಹಳೆಯ ಸೆಲ್ಫಿನಲ್ಲಿ ಮೋಟಾರೂ ಅಷ್ಟೇ ಸುತ್ತುವುದರಿಂದ ಬೇಕಾದ ತಿರುಚು ಬಲವನ್ನೆಲ್ಲ ಅದು ತಾನೇ ಹುಟ್ಟಿಸಬೇಕು. ಅದಕ್ಕೆ ತಾಮ್ರ ಬೇಕು, ಕಬ್ಬಿಣ ಬೇಕು, ಗಾತ್ರ ಬೇಕು. ನಡುವೆ ಮೂರೂವರೆ ಪಟ್ಟಿನ ಗೇರು ಇಟ್ಟರೆ ಮೋಟಾರು 9100 ಸುತ್ತು ಓಡುತ್ತದೆ, ಬಲ ಗೇರಿನಲ್ಲಿ ಹೆಚ್ಚುತ್ತದೆ, ಮೋಟಾರು ಚಿಕ್ಕದಾಗುತ್ತದೆ. ಉಪಾಯ ಹೊಸದಲ್ಲ, ಕೆಟರಿಂಗನ ಮೊದಲ ಸ್ಟಾರ್ಟರಿನಲ್ಲೂ ಗೇರು ಇತ್ತು. ಕ್ರೈಸ್ಲರ್ ಕಂಪನಿ 1962ರಲ್ಲಿ ಅದನ್ನು ತನ್ನ ಕಾರುಗಳಿಗೆ ಮರಳಿ ತಂದಿತು, ಜಪಾನಿನವರು ಡೀಸೆಲ್ ಗಾಡಿಗಳಲ್ಲಿ ಹಬ್ಬಿಸಿದರು. ಮದರಾಸಿನಲ್ಲಿ 1961ರಲ್ಲಿ ಶುರುವಾದ ಲೂಕಾಸ್ ಟಿವಿಎಸ್ ಕೂಡ ಮುಂದೆ ಈ ಬಗೆಯ ಸೆಲ್ಫ್‌ಗಳನ್ನು ಮಾಡಿತು. ಎಂಜಿನ್ನಿನಷ್ಟೇ ಹಳೆಯದಾದ ಸೆಲ್ಫ್ ಕಳಚಿ ಹೊಸ ಗಾಡಿಯ ಗೇರ್ ಸೆಲ್ಫ್ ಹಾಕುವ ಆಸೆ ಮೂಡಿದ್ದು ಹೀಗೆ.

ಹಾಕುವುದೇನೋ ಮೂರು ಬೋಲ್ಟಿನ ಕೆಲಸದಂತೆ ಕಾಣುತ್ತದೆ. ಸುತ್ತುವ ದಿಕ್ಕು ಒಂದೇ ಇರಬೇಕು. ಪಿನಿಯನ್ ರಿಂಗಿನ ಯಾವ ಮುಖದಿಂದ ಒಳಹೊಗುತ್ತದೋ ಆ ಮುಖದಲ್ಲೇ ಹಲ್ಲಿನ ಅಂಚು ಸವರಿರಬೇಕು. ತಂಗುವಾಗ ರಿಂಗಿನಿಂದ ಕೆಲವು ಮಿಲಿಮೀಟರು ದೂರ ಇರಬೇಕು, ಹಿಡಿದಾಗ ಹಲ್ಲಿನ ಪೂರಾ ಅಗಲ ಹಿಡಿಯಬೇಕು. ಸೆಲ್ಫಿನ ಮೂತಿ ಕೂರುವ ತೂತು ಒಂದು ಕೂದಲೆಳೆ ಸರಿದರೂ ಹಲ್ಲು ಹಲ್ಲನ್ನು ತಿನ್ನುತ್ತದೆ. ಇಷ್ಟಾದರೂ ಒಂದು ಮೋಸ ಉಳಿದಿರುತ್ತದೆ. ಬ್ರಿಟಿಷ್ ಮೂಲದ ಎಂಜಿನ್ನುಗಳ ಹಲ್ಲು ಇಂಚಿನ ಲೆಕ್ಕದವು, ಜಪಾನಿ, ಜರ್ಮನ್, ಫ್ರೆಂಚ್ ಮೂಲದವು ಮಿಲಿಮೀಟರಿನವು. ಇಂಚಿಗೆ 10ರ ಪಿಚ್ ಎಂದರೆ ಮಿಲಿಮೀಟರಿನಲ್ಲಿ 2.54 ಮಾಡ್ಯೂಲ್, ಮೆಟ್ರಿಕ್ ಸೆಲ್ಫಿನ ಹಲ್ಲು 2.5. ಕೈಯಲ್ಲಿ ಹಿಡಿದು ಕೂಡಿಸಿದರೆ ಎರಡೂ ಕೂಡುತ್ತವೆ, ತಿರುಗಿಸಿದರೂ ತಿರುಗುತ್ತವೆ. ಕ್ರಮೇಣ ರಿಂಗು ಬೋಳಾಗುತ್ತದೆ. ದೇಶ 1956ರ ಕಾಯ್ದೆಯಿಂದ ಇಂಚು ಬಿಟ್ಟು ಮೀಟರಿಗೆ ಹೊರಳಿತು. ಅದೇ ವರ್ಷದ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯ ಸೇರಿತು. ರಾಜ್ಯದ ಗಡಿಯ ಜಗಳ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಇಂಚು ಮತ್ತು ಮೀಟರಿನ ಗಡಿ ಮಾತ್ರ ಬೆಲ್ ಹೌಸಿಂಗಿನ ಕತ್ತಲಲ್ಲಿ ಸದ್ದಿಲ್ಲದೆ, ಅಲ್ಲ, ಗರಗರ ಸದ್ದಿನೊಂದಿಗೆ, ಸವೆಯಿತು. ಇದನ್ನು ಅರಿತ ಮಿಸ್ತ್ರಿ ಹಲ್ಲು ಎಣಿಸಿ, ವ್ಯಾಸ ಅಳೆದು, ಸೆಲ್ಫಿನ ಪಿನಿಯನ್ನನ್ನೇ ಬದಲಿಸುತ್ತಾನೆ ಇಲ್ಲವೇ ಫ್ಲೈವೀಲಿನ ರಿಂಗನ್ನು ಕಾಯಿಸಿ ಕಳಚಿ ಬೇರೆ ರಿಂಗು ಕೂರಿಸುತ್ತಾನೆ. ನಡುವೆ ಬೇಕಾದ ಅಡಾಪ್ಟರ್ ಪ್ಲೇಟನ್ನು ಲೇತಿಗೆ ಕಟ್ಟಿ ಕೆತ್ತಿಸುತ್ತಾನೆ. ಹರಿಹರದ ಲೇತನ್ನು ಮೊದಲೇ ನೆನೆದದ್ದು ಇದಕ್ಕೆ. ಊರಿಗೊಂದು ಲೇತು ಬಂದಿರದಿದ್ದರೆ ಈ ಕಸುಬೇ ಹುಟ್ಟುತ್ತಿರಲಿಲ್ಲ.

ಇದಕ್ಕೆ ಆಕ್ಷೇಪಗಳಿವೆ, ಹಗುರಾಗಿ ತಳ್ಳುವಂಥವಲ್ಲ. ಸೆಲ್ಫ್ ಬದಲಿಸುವ ಬದಲು ಕೇಬಲ್ ಬದಲಿಸಿದರೆ ಸಾಕು ಎಂದು ವಿದ್ಯುತ್ ಬಲ್ಲವರು ಹೇಳುತ್ತಾರೆ. ಅವರ ಮಾತಿನಲ್ಲಿ ತೂಕವಿದೆ. ಸೆಲ್ಫ್ ಎಳೆಯುವ ಕರೆಂಟು 300 ಆಂಪಿಯರ್ ಇದ್ದರೆ, ತುಕ್ಕು ಹಿಡಿದ ಅರ್ಥ್ ಪಟ್ಟಿಯ ಒಂದು ಓಮಿನ ಸಾವಿರದಲ್ಲಿ ಮೂರು ಪಾಲಿನಷ್ಟು ತಡೆಯೂ ಹೆಚ್ಚುಕಡಿಮೆ ಒಂದು ವೋಲ್ಟನ್ನು ನುಂಗುತ್ತದೆ. ಹನ್ನೆರಡರಲ್ಲಿ ಒಂದು ಹೋದರೆ ಚಳಿಯ ಬೆಳಗಿನಲ್ಲಿ ಅದೇ ಸೋಲು. ಸೆಲ್ಫ್ ಸತ್ತಿದೆ ಎಂದು ಕಳಚಿದ ಎಷ್ಟೋ ಗಾಡಿಗಳಲ್ಲಿ ಸತ್ತದ್ದು ಕೇಬಲ್ಲೇ ಆಗಿರುತ್ತದೆ. ಆದರೆ ಇದು ಪೆಟ್ರೋಲಿನ ಸೆಲ್ಫನ್ನು ಡೀಸೆಲಿಗೆ ಸಾಕಾಗಿಸುವುದಿಲ್ಲ. ಬದಲಿಗೆ ಕಡಿಮೆ ಕರೆಂಟಿನಲ್ಲಿ ಅದೇ ಕೆಲಸ ಮಾಡುವ ಗೇರ್ ಸೆಲ್ಫಿನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಹಳೆಯ ಸೆಲ್ಫನ್ನು ಊರಲ್ಲೇ ರಿಪೇರಿ ಮಾಡಬಹುದಿತ್ತು ಎಂಬುದು ಇನ್ನೊಂದು ಆಕ್ಷೇಪ. ಪಂಪಿನ ಮೋಟಾರು ಸುತ್ತುವ ಕೈಯೇ ಆರ್ಮೇಚರನ್ನೂ ಸುತ್ತುತ್ತಿತ್ತು, ಕಾರ್ಬನ್ ಬ್ರಷ್ಷು ಅಂಗಡಿಯಲ್ಲಿ ಸಿಗುತ್ತಿತ್ತು, ಬ್ರಷ್ಷು ಸಿಕ್ಕಿಕೊಂಡರೆ ಪಾನಾದಿಂದ ಒಂದು ಏಟು ಕೊಟ್ಟರೆ ಎಚ್ಚರವಾಗುತ್ತಿತ್ತು. ಹೊಸ ಸೆಲ್ಫ್‌ಗಳಲ್ಲಿ ಹಲವಕ್ಕೆ ತಾಮ್ರದ ಫೀಲ್ಡ್ ಕಾಯಿಲ್ ಇಲ್ಲ, ಶಾಶ್ವತ ಅಯಸ್ಕಾಂತದ ತುಂಡುಗಳಿವೆ. ಹಳೆಯ ಅಭ್ಯಾಸದಲ್ಲಿ ಪಾನಾ ಬೀಸಿದರೆ ಅಯಸ್ಕಾಂತ ಬಿರಿಯುತ್ತದೆ. ಒಂದು ಪೀಳಿಗೆಯ ಕೈಚಳಕ ಇನ್ನೊಂದು ಪೀಳಿಗೆಯ ಯಂತ್ರಕ್ಕೆ ಮಾರಕವಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯದು. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಹೊಸದು ಬಂದಾಗ ವೈಂಡಿಂಗ್ ಮಾಡುವವನ ಅನ್ನದಲ್ಲಿ ಒಂದು ಪಾಲು ಹೋಯಿತು. ಆದರೆ ಬಾಡಿಗೆ ಗಾಡಿಯವನಿಗೆ ರಿಪೇರಿಯಾಗುವ ಸೆಲ್ಫಿಗಿಂತ ನಸುಕಿನಲ್ಲಿ ಹಿಡಿಯುವ ಸೆಲ್ಫ್ ಬೇಕಿತ್ತು.

ಹೊಳೆ ಸೊಕ್ಕಿ ಬಂದಾಗ ಹ್ಯಾಂಡಲಿನ ಎಂಜಿನ್ನೇ ವಾಸಿ ಎನ್ನುವವರೂ ಇದ್ದಾರೆ. 2005, 2019, 2021ರ ನೆರೆ ಕಂಡ ಈ ದಂಡೆಯಲ್ಲಿ ಆ ಮಾತಿಗೆ ಬೆಲೆ ಇದೆ. ಸೆಲ್ಫ್ ತೂಗುವುದು ಎಂಜಿನ್ನಿನ ಪಕ್ಕದಲ್ಲಿ, ತೀರ ಕೆಳಗೆ. ನೀರು ಏರಿದರೆ ಮೊದಲು ಮುಳುಗುವವುಗಳಲ್ಲಿ ಅದೂ ಒಂದು. ಕೃಷ್ಣೆಯ ಹೂಳು ಕಮ್ಯುಟೇಟರಿನ ಸಂದಿಯಲ್ಲಿ ಕೂತರೆ ತೊಳೆದು ಒಣಗಿಸದೆ ಬೇರೆ ಮದ್ದಿಲ್ಲ. ಒಪ್ಪೋಣ. ಆದರೆ ನಾಲ್ಕು ಸಿಲಿಂಡರಿನ ಗಾಡಿಗೆ ಹ್ಯಾಂಡಲ್ ಪರ್ಯಾಯವೇ ಅಲ್ಲ ಎಂದ ಮೇಲೆ ಈ ಹೋಲಿಕೆ ಪಂಪಿನ ಎಂಜಿನ್ನಿಗೆ ಸಲ್ಲುತ್ತದೆ, ವ್ಯಾನಿಗಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಅಪಾಯದ್ದು. ಎಂಜಿನ್ನು ಚಾಲೂ ಆದ ಮೇಲೂ ಪಿನಿಯನ್ ರಿಂಗಿನಲ್ಲೇ ಸಿಕ್ಕಿಕೊಂಡರೆ ಏನಾಗುತ್ತದೆ? ಎಂಜಿನ್ನು 2000 ಸುತ್ತಿಗೆ ಬಂದರೆ ಪಿನಿಯನ್ 26,000 ಸುತ್ತು. ಗೇರ್ ಸೆಲ್ಫಿನ ಒಳಗಿನ ಮೋಟಾರಿಗೆ ಅದು ತಲುಪಿದರೆ 91,000. ಯಾವ ಸುರುಳಿಯೂ ತಾಳದು. ಹಾಗಾಗದಂತೆ ತಡೆಯುವುದು ಒಳಗಿನ ಒಮ್ಮುಖ ಕ್ಲಚ್, ಜನ ಬೆಂಡಿಕ್ಸ್ ಎಂದು ಕರೆಯುವ ಭಾಗ. ಅಳತೆ ತಪ್ಪಿ ಕೂರಿಸಿದ ಸೆಲ್ಫಿನಲ್ಲಿ ಪಿನಿಯನ್ ಸಲೀಸಾಗಿ ಹಿಂದೆ ಸರಿಯದು, ಆ ಕ್ಲಚ್ಚು ಬೇಗ ಸಾಯುತ್ತದೆ. ಹೀಗಾಗಿ ಒಳ್ಳೆಯ ಸೆಲ್ಫನ್ನು ಕೆಟ್ಟದಾಗಿ ಕೂರಿಸಿದರೆ ಅದು ಕೆಟ್ಟ ಸೆಲ್ಫಿಗಿಂತ ಅಪಾಯಕಾರಿ. ಕಂಪನಿಯ ನಕ್ಷೆ ಇಲ್ಲದೆ ಕೈಯಳತೆಯಲ್ಲಿ ಮಾಡಿದ್ದೆಲ್ಲ ಸರಿಯಾಗಿತ್ತೆಂದು ನಾನು ಹೇಳುತ್ತಿಲ್ಲ. ಬೋಳಾದ ರಿಂಗುಗಳೂ ಈ ಚರಿತ್ರೆಯ ಭಾಗವೇ. ಆದರೆ ಜುಗಾಡ ಎಂಬ ಒಂದೇ ಮಾತು ಹಲ್ಲು ಎಣಿಸಿದವನನ್ನೂ ಎಣಿಸದವನನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ. ಕಂಪನಿಯ ಎಂಜಿನಿಯರು ತನ್ನದೇ ಎಂಜಿನ್ನಿಗೆ ತನ್ನದೇ ಹೌಸಿಂಗ್ ಮಾಡುತ್ತಾನೆ, ಎರಡೂ ಒಂದೇ ನಕ್ಷೆಯ ಮಕ್ಕಳು. ಮಿಸ್ತ್ರಿಗೆ ಸಿಗುವುದು ಬೇರೆ ಬೇರೆ ದೇಶದ, ಬೇರೆ ಬೇರೆ ಅಳತೆಯ ಮೂರು ಅಪರಿಚಿತ ಭಾಗಗಳು. ಅವುಗಳ ನಡುವಿನ ಒಪ್ಪಂದ ಯಾವ ಕೈಪಿಡಿಯಲ್ಲೂ ಇಲ್ಲ, ಅವನೇ ಬರೆಯಬೇಕು.

ಕಾನೂನು ಈ ಕಸುಬನ್ನು ನೋಡಿದ ಬಗೆಯೂ ನನ್ನ ವಾದಕ್ಕೆ ಸಾಕ್ಷಿ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಗಾಡಿಯ ಮಾರ್ಪಾಟಿಗೆ ಬೇಲಿ ಹಾಕುತ್ತದೆ. ನೋಂದಣಿ ಪತ್ರದಲ್ಲಿ ಎಂಜಿನ್ ನಂಬರು, ಚಾಸಿ ನಂಬರು, ಇಂಧನ ಎಲ್ಲ ದಾಖಲಾಗಿರುತ್ತದೆ. ಸೆಲ್ಫಿಗೆ ಆ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಎಂಜಿನ್ ಬದಲಿಸಿದ್ದಕ್ಕೆ ಕಾಗದ ಹುಟ್ಟಿತು, ಅದನ್ನು ಏಳುವಂತೆ ಮಾಡಿದ್ದಕ್ಕೆ ಹುಟ್ಟಲಿಲ್ಲ. ಚರಿತ್ರೆ ಕಾಗದವನ್ನು ಹಿಂಬಾಲಿಸುವುದರಿಂದ ಎಂಜಿನ್ನಿನ ಕತೆ ಉಳಿಯಿತು, ಸೆಲ್ಫಿನದು ಗುಜರಿಗೆ ಹೋಯಿತು.

ಕಸುಬು ಮುಗಿದದ್ದೂ ದರದಿಂದಲೇ. ಸರಕಾರ 2010ರ ಜೂನಿನಲ್ಲಿ ಪೆಟ್ರೋಲಿನ ದರದ ಹಿಡಿತ ಬಿಟ್ಟಿತು, 2014ರ ಅಕ್ಟೋಬರಿನಲ್ಲಿ ಡೀಸೆಲಿನದು. ಎರಡರ ನಡುವಿನ ಅಂತರ ಕಿರಿದಾಯಿತು. ಹೊಟ್ಟೆ ಬದಲಿಸುವ ಖರ್ಚು ಹುಟ್ಟದಾಯಿತು. 2020ರ ಏಪ್ರಿಲಿನಿಂದ ಬಿಎಸ್-6 ನಿಯಮ ಬಂದ ಮೇಲೆ ಹೊಸ ಡೀಸೆಲ್ ಎಂಜಿನ್ನು ಕಂಪ್ಯೂಟರಿನ ಅಪ್ಪಣೆಯಿಲ್ಲದೆ ಉಸಿರಾಡದು. ಅದನ್ನು ಕಿತ್ತು ಬೇರೆ ಗಾಡಿಗೆ ಹಾಕುವ ಮಾತೇ ಇಲ್ಲ. ಹಳೆಯ ಗಾಡಿಗಳು ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗುತ್ತಿವೆ, ಜೊತೆಗೆ ಅಡಾಪ್ಟರ್ ಪ್ಲೇಟುಗಳೂ. ಸಾಂಗ್ಲಿಯಲ್ಲಿ 1947ರಿಂದ ಎಂಜಿನಿಯರಿಂಗ್ ಕಾಲೇಜಿದೆ, ಚಿಕ್ಕೋಡಿಯಲ್ಲೂ ಇದೆ. ಒಂದು ಪ್ಲೇಟಿನ ನಕ್ಷೆ ಬರೆಯುವುದು ಅಲ್ಲಿನ ಹುಡುಗರಿಗೆ ಒಂದು ಮಧ್ಯಾಹ್ನದ ಕೆಲಸ. ಉಗಾರ, ಶೇಡಬಾಳ, ಕಾಗವಾಡದ ಯಾವುದೇ ಪತ್ರಾಸಿನ ಶೆಡ್ಡಿನಲ್ಲಿ ಅಂಥ ತಟ್ಟೆಯೊಂದು ಬಿದ್ದಿದ್ದರೆ ಮಾರುವ ಮೊದಲು ಅದರ ಬೆನ್ನ ಮೇಲೆ ಸುಣ್ಣದ ಕಡ್ಡಿಯಿಂದಾದರೂ ಬರೆದಿಡಿ: ಯಾವ ಎಂಜಿನ್ನು, ಯಾವ ಗೇರ್‌ಬಾಕ್ಸು, ಯಾವ ಗಾಡಿಯ ಸೆಲ್ಫು, ರಿಂಗಿಗೆ ಹಲ್ಲು ಎಷ್ಟು. ಸಾಧ್ಯವಾದರೆ ಕೆತ್ತಿದವರ ಹೆಸರೂ ಇರಲಿ.